ಹೆಸರಿದ್ದ ಮನುಷ್ಯ: ‘ದಿ ಎಲಿಫೆಂಟ್ ಮ್ಯಾನ್’ ಸಿನಿಮಾ ಯಾಕೆ ನೋಡಬೇಕು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಬಂದ ನಮಗೆ ಅಡ್ಡಹೆಸರು ಹೊಸದೇನಲ್ಲ. ಒಂದೇ ಓಣಿಯಲ್ಲಿ ಮೂರು ಮಂದಿ ಬಸವರಾಜ ಇದ್ದರೆ ಗುರುತು ಹಿಡಿಯೋದು ಹೆಂಗ? ಒಬ್ಬ ಉದ್ದನ ಬಸ್ಯಾ, ಇನ್ನೊಬ್ಬ ಹೋಟೆಲ್ ಬಸ್ಯಾ, ಮತ್ತೊಬ್ಬ ಕುಂಟ ಬಸ್ಯಾ. ಮೊದಲಿನ ಇಬ್ಬರು ನಕ್ಕು ಸುಮ್ಮನಾಗಬಹುದು. ಮೂರನೆಯವನು ಮಾತ್ರ ಪ್ರತಿ ಸಲ ಕರೆದಾಗಲೂ ತನ್ನ ಕಾಲನ್ನು ನೆನಪು ಮಾಡಿಕೊಂಡೇ ‘ಹ್ಞೂಂ’ ಅನ್ನಬೇಕು. ಊರಲ್ಲಿ ಇದು ರೂಢಿ, ಹಾಸ್ಟೆಲ್‌ನಲ್ಲಿ ಇದೇ ತಮಾಷೆ. ಗೂನ, ಮೆಳ್ಳ, ತೊದ್ಲ ಅಂತ ಕರೆಯೋದರಲ್ಲಿ ಕೆಟ್ಟ ಉದ್ದೇಶ ಇರಲ್ಲ ಅಂತ ನಾವೇ ಹೇಳಿಕೊಳ್ಳುತ್ತೇವೆ.

ಈ ಸಲ ನಾವು ಪರಿಚಯಿಸುತ್ತಿರುವ ಸಿನಿಮಾದ ಹೆಸರೇ ಇಂಥದ್ದೊಂದು ಅಡ್ಡಹೆಸರು. ‘ದಿ ಎಲಿಫೆಂಟ್ ಮ್ಯಾನ್’, ಅಂದರೆ ಆನೆ ಮನುಷ್ಯ. 1980ರಲ್ಲಿ ಡೇವಿಡ್ ಲಿಂಚ್ ನಿರ್ದೇಶಿಸಿದ ಈ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ, ನಿಜವಾಗಿ ಬದುಕಿದ್ದ ಜೋಸೆಫ್ ಮೆರಿಕ್ ಎಂಬ ಮನುಷ್ಯನ ಕಥೆ.

ಕಥೆ ಏನು?

19ನೇ ಶತಮಾನದ ಕೊನೆಯ ಲಂಡನ್. ನಮ್ಮ ಜಾತ್ರೆಗಳಲ್ಲಿ ಡೇರೆ ಹಾಕಿ ಟಿಕೆಟ್ ಇಟ್ಟು ‘ವಿಚಿತ್ರ’ ತೋರಿಸುವ ಹಾಗೆ ಅಲ್ಲಿಯೂ ಮನುಷ್ಯರನ್ನು ಕಾಸಿಗೆ ತೋರಿಸುತ್ತಿದ್ದರು. ಅಂಥ ಒಂದು ಪ್ರದರ್ಶನದಲ್ಲಿ ಸರ್ಜನ್ ಫ್ರೆಡ್ರಿಕ್ ಟ್ರೀವ್ಸ್ ಮೆರಿಕ್‌ನನ್ನು ನೋಡುತ್ತಾನೆ. ತಲೆ, ಬಲಗೈ, ಕಾಲು ಎಲ್ಲ ಅಳತೆ ಮೀರಿ ಬೆಳೆದ, ಮಾತು ಸ್ಪಷ್ಟವಿಲ್ಲದ ಯುವಕ. ಇವನಿಗೆ ಬುದ್ಧಿ ಇಲ್ಲ ಅಂತಲೇ ಎಲ್ಲರ ತೀರ್ಮಾನ. ಆಸ್ಪತ್ರೆಯಲ್ಲಿ ಇರಬೇಕಾದರೆ ಮಾತಾಡಲು ಬರುತ್ತೆ ಅಂತ ತೋರಿಸಬೇಕು. ಹಾಗಾಗಿ ಟ್ರೀವ್ಸ್ ಅವನಿಗೆ ಬೈಬಲ್‌ನ ಒಂದು ಸ್ತೋತ್ರದ ಕೆಲವು ಸಾಲು ಬಾಯಿಪಾಠ ಮಾಡಿಸುತ್ತಾನೆ. ಪರೀಕ್ಷೆ ಕೆಡುತ್ತದೆ. ದೊಡ್ಡವರು ಎದ್ದು ಹೊರಗೆ ಹೋದ ಮೇಲೆ, ಒಳಗಿನಿಂದ ಕಲಿಸದೇ ಇದ್ದ ಸಾಲುಗಳೂ ಕೇಳಿಸುತ್ತವೆ! ಅವನಿಗೆ ಮೊದಲಿನಿಂದಲೂ ಓದು ಬರುತ್ತಿತ್ತು. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಮುಂದೆ ನಟಿಯರು, ಶ್ರೀಮಂತರು ಅವನ ಕೋಣೆಗೆ ಬಂದು ಚಹಾ ಕುಡಿದು ಹೋಗುತ್ತಾರೆ. ರಾತ್ರಿ ಪಾಳಿಯ ಪೋರ್ಟರ್ ದುಡ್ಡು ತಗೊಂಡು ಕುಡುಕರನ್ನು ಕಿಟಕಿಯಿಂದ ಒಳಗೆ ಬಿಡುತ್ತಾನೆ. ಆಗ ಟ್ರೀವ್ಸ್‌ಗೇ ಒಂದು ಪ್ರಶ್ನೆ ಕಾಡುತ್ತದೆ: ಡೇರೆಯವನು ಕಾಸಿಗೆ ತೋರಿಸಿದ, ನಾನು ಹೆಸರಿಗಾಗಿ ತೋರಿಸಿದೆ. ವ್ಯತ್ಯಾಸ ಏನು? ಸಿನಿಮಾದ ಜೀವ ಇರೋದು ಈ ಪ್ರಶ್ನೆಯಲ್ಲಿ. ಕೊನೆ ಏನಾಯಿತು ಅಂತ ಇಲ್ಲಿ ಹೇಳಲ್ಲ, ನೋಡಿ.

ಬಣ್ಣ ಇದ್ದ ಕಾಲದಲ್ಲಿ ಕಪ್ಪು-ಬಿಳುಪು ಯಾಕೆ?

1980ರ ಹೊತ್ತಿಗೆ ಬಣ್ಣ ಎಲ್ಲ ಕಡೆ ಬಂದಿತ್ತು. ಆದರೂ ಲಿಂಚ್ ಮತ್ತು ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಬೇಕಂತಲೇ ಕಪ್ಪು-ಬಿಳುಪು ಆರಿಸಿಕೊಂಡರು. ಗ್ಯಾಸ್ ದೀಪ, ಕಲ್ಲಿದ್ದಲ ಹೊಗೆ, ಒದ್ದೆ ರಸ್ತೆ, ಹಬೆ ಯಂತ್ರ ಇವೆಲ್ಲ ಆ ಬೆಳಕಿನಲ್ಲಿ ಹಳೆಯ ಫೋಟೋದಂತೆ ನಂಬಿಕೆ ಹುಟ್ಟಿಸುತ್ತವೆ. ಜತೆಗೆ ನಿರ್ದೇಶಕ ಮೆರಿಕ್‌ನ ಮುಖವನ್ನು ಬಹಳ ಹೊತ್ತು ನಮಗೆ ತೋರಿಸುವುದೇ ಇಲ್ಲ. ಮೊದಲು ಕಾಣುವುದು ಅವನನ್ನು ನೋಡಿದ ಟ್ರೀವ್ಸ್‌ನ ಕಣ್ಣೀರು, ಆಮೇಲೆ ಪರದೆ ಮೇಲಿನ ನೆರಳು. ಯಾವಾಗ ತೋರಿಸ್ತಾರೋ ಅಂತ ನಾವು ಕಾಯುತ್ತೇವೆ. ಆ ಕಾತರದಲ್ಲೇ ನಾವೂ ಟಿಕೆಟ್ ತಗೊಂಡು ಡೇರೆ ಮುಂದೆ ನಿಂತವರಾಗಿರುತ್ತೇವೆ.

ಮೇಕಪ್ ಮಾಡಿದ ಕ್ರಿಸ್ಟೋಫರ್ ಟಕ್ಕರ್ ಕೆಲಸ ನಮ್ಮಂಥ ಎಂಜಿನಿಯರಿಂಗ್ ಮಂದಿಗೆ ಇಷ್ಟವಾಗುತ್ತದೆ. ಮೆರಿಕ್ ತೀರಿಕೊಂಡ ಮೇಲೆ ಅವನ ದೇಹದಿಂದ ತೆಗೆದಿದ್ದ ಅಚ್ಚು ಲಂಡನ್‌ನ ಆಸ್ಪತ್ರೆಯಲ್ಲಿತ್ತು. ಅದನ್ನೇ ನೋಡಿ ಮುಖ, ತಲೆಯ ಭಾಗಗಳನ್ನು ತುಂಡು ತುಂಡಾಗಿ ಮಾಡಿ ನಟ ಜಾನ್ ಹರ್ಟ್‌ಗೆ ಅಂಟಿಸಿದರು. ದಿನಕ್ಕೆ 7–8 ತಾಸಿನ ಕೆಲಸ! ಸಿನಿಮಾಕ್ಕೆ 8 ಆಸ್ಕರ್ ನಾಮನಿರ್ದೇಶನ ಬಂದವು, ಒಂದೂ ಸಿಗಲಿಲ್ಲ. ಮೇಕಪ್‌ಗೆ ಆಗ ಪ್ರತ್ಯೇಕ ಪ್ರಶಸ್ತಿಯೇ ಇರಲಿಲ್ಲ. ಇಂಥ ಕೆಲಸಕ್ಕೂ ಗೌರವ ಇಲ್ಲವಾ ಅಂತ ಕೂಗೆದ್ದ ಮೇಲೆ ಮರುವರ್ಷದಿಂದ ಆ ವಿಭಾಗ ಶುರುವಾಯಿತು.

ನಿಜದ ಮೆರಿಕ್

ಜೋಸೆಫ್ ಮೆರಿಕ್ ಹುಟ್ಟಿದ್ದು 1862ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಕೆಲಸ ಸಿಗದೆ, ಬಡವರನ್ನು ದುಡಿಸಿಕೊಂಡು ಅನ್ನ ಹಾಕುವ ವರ್ಕ್‌ಹೌಸ್ ಸೇರಿದ. ಅಲ್ಲಿಂದ ಹೊರಬರಲು 1884ರಲ್ಲಿ ತಾನೇ ಪ್ರದರ್ಶನದವರನ್ನು ಸಂಪರ್ಕಿಸಿದ. ಅಂದರೆ, ಸಿನಿಮಾದಲ್ಲಿ ಕಾಣುವಷ್ಟು ಅಸಹಾಯಕ ಅವನಾಗಿರಲಿಲ್ಲ. ಚಾಟಿ ಹಿಡಿದ ಆ ಕ್ರೂರ ಮಾಲೀಕ ಸಿನಿಮಾದವರ ಸೃಷ್ಟಿ. ಲಂಡನ್‌ನಲ್ಲಿ ಅವನನ್ನು ತೋರಿಸಿದ ಟಾಮ್ ನಾರ್ಮನ್ ಗಳಿಕೆಯಲ್ಲಿ ಪಾಲು ಕೊಡುತ್ತಿದ್ದ. ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಬತ್ತಲೆ ನಿಲ್ಲಿಸಿದಾಗ ದನದ ಸಂತೆಯಲ್ಲಿ ನಿಂತಂತೆ ಅನ್ನಿಸಿತು ಅಂತ ಮೆರಿಕ್ ಹೇಳಿದ್ದನ್ನೂ ನಾರ್ಮನ್ ದಾಖಲಿಸಿದ್ದಾನೆ.

ಆಮೇಲೆ ಬೆಲ್ಜಿಯಂನಲ್ಲಿ ಇನ್ನೊಬ್ಬ ಅವನು ಕೂಡಿಟ್ಟ ಸುಮಾರು 50 ಪೌಂಡ್ ಕದ್ದು ಅವನನ್ನು ನಡುನೀರಲ್ಲಿ ಕೈಬಿಟ್ಟ. 1886ರಲ್ಲಿ ಹೇಗೋ ಲಂಡನ್ ಸೇರಿದಾಗ ರೈಲು ನಿಲ್ದಾಣದಲ್ಲಿ ಜನ ಮುತ್ತಿಕೊಂಡರು. ಜೇಬಿನಲ್ಲಿದ್ದ ಟ್ರೀವ್ಸ್‌ನ ಕಾರ್ಡ್ ಅವನನ್ನು ಉಳಿಸಿತು. ಆಸ್ಪತ್ರೆಯ ಮುಖ್ಯಸ್ಥ ಕಾರ್ ಗಾಮ್ ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದ. ಓದುಗರು ಕಳಿಸಿದ ದುಡ್ಡಿನಿಂದ ಅವನಿಗೆ ಕೊನೆತನಕ ಅಲ್ಲೇ ನೆಲೆ ಸಿಕ್ಕಿತು. 1890ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 27. ಅವನು ಕಾಗದದ ರಟ್ಟಿನಿಂದ ಮಾಡಿದ ಚರ್ಚ್ ಮಾದರಿ ಇವತ್ತಿಗೂ ಉಳಿದಿದೆ.

ತಾಯಿಯ ತಪ್ಪಲ್ಲ

ಬಸುರಿ ಇದ್ದಾಗ ತಾಯಿ ಆನೆ ಕಂಡು ಹೆದರಿದ್ದಕ್ಕೆ ಮಗು ಹೀಗಾಯಿತು ಅಂತ ಆ ಮನೆಯವರು ನಂಬಿದ್ದರು. ನಗಬೇಡಿ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಿದ್ದಕ್ಕೆ ಮಗುವಿನ ತುಟಿ ಸೀಳಿತು ಅಂತ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. ಎರಡೂ ಕಡೆ ಅಪರಾಧಿ ತಾಯಿಯೇ!

ಮೆರಿಕ್‌ಗೆ ಇದ್ದದ್ದು ಪ್ರೋಟಿಯಸ್ ಸಿಂಡ್ರೋಮ್ ಅಂತ 1986ರಲ್ಲಿ ಇಬ್ಬರು ವೈದ್ಯರು ವಾದ ಮಂಡಿಸಿದರು. ಈಗ ಹೆಚ್ಚಿನವರು ಒಪ್ಪುವುದು ಅದನ್ನೇ. 2011ರಲ್ಲಿ ಈ ಕಾಯಿಲೆಯ ಕಾರಣವೂ ಸಿಕ್ಕಿತು. ಗರ್ಭ ಕಟ್ಟಿದ ಮೇಲೆ ಯಾವುದೋ ಒಂದು ಜೀವಕೋಶದ ಎಕೆಟಿ1 ಎಂಬ ಜೀನ್‌ನಲ್ಲಿ ಸಣ್ಣ ಬದಲಾವಣೆ ಆಗುತ್ತದೆ. ಆ ಕೋಶದಿಂದ ಬೆಳೆದ ಭಾಗಗಳು ಮಾತ್ರ ಹಿಡಿತ ತಪ್ಪಿ ಬೆಳೆಯುತ್ತವೆ, ಉಳಿದ ದೇಹ ಸರಿಯಾಗಿರುತ್ತದೆ. ಮೆರಿಕ್‌ನ ಎಡಗೈ ಸುಂದರವಾಗಿತ್ತು. ಇದು ಅಪ್ಪ-ಅಮ್ಮನಿಂದ ಬಂದದ್ದಲ್ಲ, ಪಾಪದ ಫಲವೂ ಅಲ್ಲ.

ಮಸ್ಕಿ ಕಲ್ಲು ಹೇಳುವ ಮಾತು

ಒಂದು ವಿಷಯ ಗಮನಿಸಿ. ಸಿನಿಮಾದಲ್ಲಿ ಅವನ ಹೆಸರು ಜಾನ್. ನಿಜದ ಹೆಸರು ಜೋಸೆಫ್. 1886ರ ಪತ್ರಿಕೆಯಲ್ಲೇ ಜೋಸೆಫ್ ಅಂತ ಅಚ್ಚಾಗಿತ್ತು. ಆದರೆ 1923ರಲ್ಲಿ ಟ್ರೀವ್ಸ್ ತನ್ನ ನೆನಪುಗಳ ಪುಸ್ತಕದಲ್ಲಿ ಜಾನ್ ಅಂತ ಬರೆದ, ಸಿನಿಮಾ ಅದನ್ನೇ ಹಿಡಿಯಿತು. ‘ಆನೆ ಮನುಷ್ಯ’ ಎಂಬ ಅಡ್ಡಹೆಸರು ಎಲ್ಲರಿಗೂ ಗೊತ್ತು. ಅವನ ಮೇಲೆ ಮರುಕಪಟ್ಟವರಿಗೂ ಸ್ವಂತ ಹೆಸರು ನೆನಪಿರಲಿಲ್ಲ.

ಹೆಸರಿನ ಬೆಲೆ ಮಸ್ಕಿಯವರಿಗೆ ಹೇಳಿಕೊಡಬೇಕಾ? 1915ರಲ್ಲಿ ಬಂಗಾರ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್‌ಗೆ ಮಸ್ಕಿ ಗುಡ್ಡದಲ್ಲಿ ಸಿಕ್ಕಿದ್ದು ಒಂದು ಬ್ರಾಹ್ಮಿ ಶಾಸನ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದು ಮಾತ್ರ ಇತ್ತು. ಅಶೋಕ ಎಂಬ ಹೆಸರನ್ನು ಮೊದಲು ಕೊಟ್ಟದ್ದು ನಮ್ಮ ಮಸ್ಕಿಯ ಕಲ್ಲು. ಆ ಒಂದು ಪದದಿಂದ ಬಿರುದಿನ ಹಿಂದಿದ್ದ ಮನುಷ್ಯ ಯಾರು ಅಂತ ಗಟ್ಟಿಯಾಯಿತು. ಚಕ್ರವರ್ತಿಗೇ ಹೆಸರು ಇಷ್ಟು ಮುಖ್ಯವಾದರೆ, ನಮ್ಮ ಬೆಂಚಿನಲ್ಲಿ ಕೂತವನಿಗೆ ಬೇಡವಾ?

ಕಾನೂನೂ ಈಗ ಇದನ್ನೇ ಹೇಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಆಸಿಡ್ ದಾಳಿಗೆ ಒಳಗಾದವರು, ಕುಷ್ಠರೋಗದಿಂದ ಗುಣವಾದವರು, ಕುಬ್ಜರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ನಾಲ್ಕು ಜನರೆದುರು ಅವರನ್ನು ಬೇಕಂತಲೇ ಅವಮಾನಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಜೈಲು. ಆದರೆ ಗೆಳೆಯನನ್ನು ಹೆಸರಿಡಿದು ಕರೆಯಲು ಕಾಯ್ದೆ ಯಾಕೆ ಬೇಕು?

ಎರಡು ತಾಸಿನ ಸಿನಿಮಾ. ಇಂಗ್ಲಿಷ್ ಮಾತು ಸ್ವಲ್ಪ ಹಳೆಯ ಶೈಲಿಯದ್ದು, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಇಂಟರ್ನಲ್ಸ್ ಮುಗಿದ ಒಂದು ರಾತ್ರಿ ಲೈಟ್ ಆರಿಸಿ, ರೂಮಿನವರೆಲ್ಲ ಕೂಡಿ ಕೂತರೆ ಇನ್ನೂ ಚಂದ. ನೋಡಿದ ಮರುದಿನ, ಅಡ್ಡಹೆಸರಿನಿಂದಲೇ ನಿಮಗೆ ಪರಿಚಯವಾದ ಒಬ್ಬರ ಪೂರ್ತಿ ಹೆಸರು ಏನಂತ ಕೇಳಿ ತಿಳಿದುಕೊಳ್ಳಿ. ಕ್ಯಾಂಟೀನ್‌ನಲ್ಲಿ ಅದೇ ಹೆಸರಿನಿಂದ ಒಮ್ಮೆ ಕರೆದು ನೋಡಿ.