ಕಪಿಲೆಯ ಸೋಪಾನದಿಂದ ಕಾವೇರಿಯ ಮರಳಿಗೆ

ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಯಲ್ಲಿ ನೀಸ್ ಎಂಬ ಪಟ್ಟಣವುಂಟು. ಅಲ್ಲಿಗೆ ಹೋದ ಪ್ರವಾಸಿಗರು ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿಕೊಂಡು, ಬೆಳಗಿನಿಂದ ಸಂಜೆಯೊಳಗೆ ಕಡಲತಡಿಯ ವೈಭವದ ಊರುಗಳನ್ನೂ, ಗುಡ್ಡದ ನೆತ್ತಿಯಲ್ಲಿ ಹಕ್ಕಿಯ ಗೂಡಿನಂತೆ ಕುಳಿತಿರುವ ಎಜ್‌ನಂತಹ ಹಳೆಯ ಗ್ರಾಮಗಳನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಮೈಸೂರಿಗೆ ಕಡಲಿಲ್ಲ, ಆ ಕೊರತೆಯನ್ನು ಮರೆಸಲು ಎರಡು ಹೊಳೆಗಳಿವೆ. ಕಪಿಲೆಯ ದಡದಲ್ಲಿ ನಂಜನಗೂಡು. ಅವಳು ಕಾವೇರಿಯನ್ನು ಕೂಡುವೆಡೆಯಲ್ಲಿ ತಿರುಮಕೂಡಲು ನರಸೀಪುರ. ಅಲ್ಲಿಂದ ಮುಂದೆ ಗುಡ್ಡದ ಮೇಲಿನ ಮುಡುಕುತೊರೆ, ಮರಳಿನಲ್ಲಿ ಹುದುಗಿದ ತಲಕಾಡು. ನಡುವೆ ಹೊಯ್ಸಳರ ಸೋಮನಾಥಪುರ. ಎಲ್ಲವನ್ನೂ ಸುತ್ತಿ ಮೈಸೂರಿಗೆ ಮರಳಿದರೆ ಆಗುವ ದಾರಿ ಸುಮಾರು 150 ಕಿಲೋಮೀಟರು ಮಾತ್ರ. ಒಂದೇ ಹಗಲಿನ ಹರವಿನಲ್ಲಿ ಇಷ್ಟೊಂದು ಇತಿಹಾಸವನ್ನು ಇರಿಸಿಕೊಂಡ ಪ್ರದೇಶ ನಾಡಿನಲ್ಲಿ ಬಹಳವಿಲ್ಲ.

ಬಸ್ಸುಗಳ ಸೌಕರ್ಯ ಇಲ್ಲದಿಲ್ಲ. ಮೈಸೂರಿನಿಂದ ನಂಜನಗೂಡಿಗೂ ನರಸೀಪುರಕ್ಕೂ ಧಾರಾಳವಾಗಿ ಬಸ್ಸುಗಳಿವೆ. ಆದರೆ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಅಡ್ಡಹಾಯುವಾಗ ಇಳಿದು, ಕಾದು, ಹತ್ತುವುದರಲ್ಲಿಯೇ ಅರ್ಧ ದಿನ ಕಳೆದುಹೋಗುತ್ತದೆ. ವಯಸ್ಸಾದವರೂ ಮಕ್ಕಳೂ ಜೊತೆಗಿದ್ದರಂತೂ ಹೇಳುವುದೇ ಬೇಡ. ಆದುದರಿಂದಲೇ ಮಧ್ಯಮವರ್ಗದ ಸಂಸಾರಗಳು ಇಂದು ಇಡೀ ದಿನಕ್ಕೆ ಬಾಡಿಗೆಯ ಕಾರನ್ನು ಹಿಡಿಯುತ್ತವೆ. ಹೊರಡುವ ಮುನ್ನ ಬಾಡಿಗೆ ಕಿಲೋಮೀಟರಿನ ಲೆಕ್ಕದ್ದೋ ದಿನದ ಲೆಕ್ಕದ್ದೋ, ಚಾಲಕನ ಭತ್ಯ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಕೇಳಿಕೊಂಡರೆ ಸಂಜೆಯ ಹೊತ್ತಿನ ಮನಸ್ತಾಪ ತಪ್ಪುತ್ತದೆ.

ಅಂತಹ ಒಂದು ಸಂಸಾರವನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಎಪ್ಪತ್ತು ದಾಟಿದ ತಾಯಿ, ಕಚೇರಿಯ ಕೆಲಸದ ಮಗ, ಸೊಸೆ, ಇಬ್ಬರು ಮಕ್ಕಳು. ತಾಯಿಗೆ ನಂಜುಂಡೇಶ್ವರನಿಗೆ ಹೊತ್ತ ಹರಕೆಯೊಂದಿದೆ. ಮಕ್ಕಳಿಗೆ ತಲಕಾಡಿನ ಮರಳಿನ ಮೇಲೆ ಕಣ್ಣು. ಸೊಸೆಗೆ ಸೋಮನಾಥಪುರದ ಶಿಲ್ಪ ನೋಡುವ ಬಹುದಿನದ ಆಸೆ. ಮಗನ ಜೇಬಿನಲ್ಲಿ ಗಂಟೆಗಂಟೆಯ ಕಾರ್ಯಕ್ರಮ ಬರೆದ ಚೀಟಿ. ಸ್ಟಿಯರಿಂಗಿನ ಹಿಂದೆ, ಈ ದಾರಿಯನ್ನು ನೂರಾರು ಬಾರಿ ತುಳಿದ ಹಿರಿಯ ಚಾಲಕ.

ವೈದ್ಯನಾದ ದೇವರು

ನಂಜನಗೂಡು ಮೈಸೂರಿಗೆ 23 ಕಿಲೋಮೀಟರು. ಊರನ್ನು ಸಮೀಪಿಸುವಾಗ ಕಪಿಲೆಗೆ ಅಡ್ಡಲಾಗಿ ಹಳೆಯ ಕಲ್ಲುಸೇತುವೆಯೊಂದು ಕಾಣುತ್ತದೆ. 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಟ್ಟಿದ್ದೆಂದು ಹೆಸರಾದ ಈ ಸೇತುವೆಯ ಮೇಲೆ ಗಾಡಿಗಳೂ, ಮುಂದೆ ರೈಲೂ ಓಡಾಡಿದವು. ಈಗ ರೈಲಿಗೂ ವಾಹನಗಳಿಗೂ ಬೇರೆ ಸೇತುವೆಗಳಾಗಿವೆ. ಹಳೆಯದು ಸಾಲು ಕಮಾನುಗಳನ್ನು ಹೊತ್ತು ಹೊಳೆಯ ಮೇಲೆ ವಿಶ್ರಾಂತಿ ಪಡೆಯುತ್ತಿದೆ. ಆತುರದ ಪ್ರಯಾಣಿಕರು ಅದರತ್ತ ತಿರುಗಿಯೂ ನೋಡುವುದಿಲ್ಲ.

ಶ್ರೀಕಂಠೇಶ್ವರನ ದೇವಾಲಯ 385 ಅಡಿ ಉದ್ದ, 160 ಅಡಿ ಅಗಲದ ವಿಶಾಲ ಕಟ್ಟಡ. ಸುಮಾರು 120 ಅಡಿ ಎತ್ತರದ ಮಹಾದ್ವಾರದ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದರು. ನಂಜನ್ನು ಉಂಡವನು ನಂಜುಂಡ. ಜಗತ್ತಿನ ವಿಷವನ್ನು ಕೊರಳಲ್ಲಿ ಅಡಗಿಸಿಕೊಂಡವನಿಗೆ ಮನುಷ್ಯರ ರೋಗ ಯಾವ ಲೆಕ್ಕ ಎಂಬುದು ಜನರ ನಂಬಿಕೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣುಬೇನೆ ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತೆಂದೂ, ಅದಕ್ಕಾಗಿ ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿ ಸ್ವಾಮಿಯನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂದೂ ಐತಿಹ್ಯ. ವೈದ್ಯನೆಂಬ ಅರ್ಥದ ಆ ಹೆಸರು ಇಂದಿಗೂ ಜನರ ಬಾಯಲ್ಲಿ ಉಳಿದಿದೆ.

ಬೆಳಗಿನ ಹೊತ್ತು ಹೊಳೆಯ ಸೋಪಾನಗಳ ಮೇಲೆ ಈ ನಂಬಿಕೆಯ ಮುಖಗಳೆಲ್ಲ ಕಾಣಸಿಗುತ್ತವೆ. ಮುಡಿ ಕೊಟ್ಟ ಮಕ್ಕಳ ನುಣ್ಣನೆಯ ತಲೆಗಳು. ಒದ್ದೆ ಬಟ್ಟೆಯಲ್ಲಿ ಉರುಳುಸೇವೆಗೆ ಹೊರಟವರು. ತುಲಾಭಾರಕ್ಕೆ ಬೆಲ್ಲದಚ್ಚು ಹೊತ್ತು ತಂದವರು. ಮಾರ್ಚ್-ಏಪ್ರಿಲ್ ಸುಮಾರಿಗೆ ನಡೆಯುವ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಒಂದರ ಹಿಂದೊಂದು ಬೀದಿಗಿಳಿಯುವಾಗ ಊರಿಗೆ ಊರೇ ಹಗ್ಗಕ್ಕೆ ಕೈಹಚ್ಚುತ್ತದೆ. ತಾಯಿಯ ಹರಕೆ ಒಪ್ಪಿಸಿ ಮುಗಿಯುವ ಹೊತ್ತಿಗೆ ಮಗನ ಚೀಟಿಯಲ್ಲಿ ಆಗಲೇ ಅರ್ಧ ಗಂಟೆ ಹಿಂದೆ ಬಿದ್ದಿರುತ್ತದೆ.

ಊರು ಬಿಡುವ ಮುನ್ನ ಎರಡು ವಸ್ತುಗಳನ್ನು ನೆನೆಯದಿದ್ದರೆ ನಂಜನಗೂಡಿಗೆ ಅಪಚಾರ. ಒಂದು, ಗುಲಾಬಿ ಬಣ್ಣದ ಹಲ್ಲುಪುಡಿ. 1913ರಲ್ಲಿ ವೈದ್ಯ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಈ ಪುಡಿಯಿಂದಲೇ ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಬೆಳಗಾಗುತ್ತಿತ್ತು. ಇನ್ನೊಂದು, ರಸಬಾಳೆ. ಕಪಿಲೆಯ ದಡದ ದೇವರಸನಹಳ್ಳಿಯ ಮಣ್ಣಿನಲ್ಲಿ ಹೆಸರು ಗಳಿಸಿದ ಈ ಹಣ್ಣಿನ ಪರಿಮಳ ಬೇರೆಡೆಯ ಮಣ್ಣಿನಲ್ಲಿ ಹಾಗೆಯೇ ಬಾರದೆಂದು ಬೆಳೆಗಾರರು ಹೇಳುತ್ತಾರೆ. ಭೌಗೋಳಿಕ ಸೂಚಿಯ ಮನ್ನಣೆಯೇನೋ ದೊರೆಯಿತು. ಆದರೆ ಸೊರಗುರೋಗ ತೋಟಗಳನ್ನು ಕಬಳಿಸಿ, ಬೆಳೆಯುವ ನೆಲ ಬಹಳ ಕುಗ್ಗಿಹೋಗಿದೆ. ರಸಬಾಳೆಯೆಂದು ಕೂಗಿ ಮಾರುವ ಹಣ್ಣೆಲ್ಲ ರಸಬಾಳೆಯಲ್ಲ. ನಿಜವಾದುದು ಸಿಕ್ಕಿದರೆ ಅಂದಿನ ಭಾಗ್ಯವೆಂದೇ ತಿಳಿಯಬೇಕು.

ಸಂಗಮದ ದಡದಲ್ಲಿ

ನರಸೀಪುರದತ್ತ ಸಾಗುವ ದಾರಿ ಗದ್ದೆ, ತೆಂಗು, ಕಬ್ಬಿನ ನಡುವಿನದು. ವಯನಾಡಿನ ಬೆಟ್ಟಗಳಿಂದ ಇಳಿದು ಬರುವ ಕಪಿಲೆಗೆ ಕಬಿನಿಯೆಂಬುದು ಇನ್ನೊಂದು ಹೆಸರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಮುಗಿದ ಬಳಿಕ ಅವಳ ಹರಿವಿಗೆ ಮನುಷ್ಯನ ಕಟ್ಟಳೆ ಬಿದ್ದಿದೆ.

ತಿರುಮಕೂಡಲೆಂದರೆ ಮೂರು ಕೂಡುವ ಪವಿತ್ರ ತಾಣ. ಕಾವೇರಿ, ಕಪಿಲೆಗಳು ಕಣ್ಣಿಗೆ ಕಾಣುತ್ತವೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತವಾಗಿದೆಯೆಂದು ನಂಬಿಕೆ. ಸಂಗಮದ ಅಗಸ್ತ್ಯೇಶ್ವರನ ಕಥೆ ಸ್ವಾರಸ್ಯವಾದುದು. ಕಾಶಿಯಿಂದ ಲಿಂಗ ತರಲು ಹೋದ ಹನುಮಂತನು ತಡಮಾಡಿದನಂತೆ. ಮುಹೂರ್ತ ಮೀರುವುದೆಂದು ಅಗಸ್ತ್ಯರು ಮರಳಿನಲ್ಲಿಯೇ ಲಿಂಗ ಮಾಡಿ ಪ್ರತಿಷ್ಠಿಸಿಬಿಟ್ಟರಂತೆ. ಹನುಮಂತನು ತಂದ ಲಿಂಗಕ್ಕೂ ಸಮೀಪದಲ್ಲಿಯೇ ಸ್ಥಾನ ದೊರೆಯಿತು. ಎದುರು ದಡದ ಗುಂಜಾ ನರಸಿಂಹಸ್ವಾಮಿಯ ಸನ್ನಿಧಿಯಲ್ಲಿ ಇನ್ನೊಂದು ಅಭಿಮಾನದ ಮಾತಿದೆ: ಕಾಶಿಗಿಂತಲೂ ಈ ಕ್ಷೇತ್ರ ಒಂದು ಗುಲಗಂಜಿಯ ತೂಕ ಹೆಚ್ಚು! 1989ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲಿ ಆರಂಭವಾದ ಇಲ್ಲಿಯ ಕುಂಭಮೇಳ 2025ರ ಫೆಬ್ರವರಿಯಲ್ಲಿಯೂ ನೆರವೇರಿತು.

ಪುರಾಣಕ್ಕಿಂತ ಹಳೆಯದೂ ಇಲ್ಲಿ ನೆಲದಡಿ ಇದೆ. 1959ರಿಂದ 1965ರ ನಡುವೆ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನಗಳಲ್ಲಿ ನವಶಿಲಾಯುಗದ ಜನರ ನೆಲೆಯೂ ಸಮಾಧಿಗಳೂ ಬೆಳಕಿಗೆ ಬಂದವು. ಎರಡು ನೀರು ಕೂಡುವ ಜಾಗದಲ್ಲಿ ಸತ್ತವರನ್ನು ಒಪ್ಪಿಸಿ ಕಣ್ಣೀರಿಟ್ಟವರು ಕಲ್ಲಿನ ಕೊಡಲಿಯ ಕಾಲದಲ್ಲಿಯೂ ಇದ್ದರು.

ಇಂದಿಗೂ ಮೃತರ ಅಸ್ಥಿಯನ್ನು ಬಿಡಲು ಜನ ಇಲ್ಲಿಗೆ ಬರುತ್ತಾರೆ. ಮೇಲೆ ಕಲ್ಪಿಸಿದ ತಾಯಿಯೂ ಹನ್ನೊಂದು ವರ್ಷಗಳ ಹಿಂದೆ ಯಜಮಾನರ ಕಾರ್ಯಕ್ಕಾಗಿ ಈ ಮೆಟ್ಟಿಲಿಗೆ ಬಂದವರೆಂದು ಭಾವಿಸಿದರೆ, ಆ ದಿನದ ನಿಜವಾದ ಪರೀಕ್ಷೆ ಎಲ್ಲಿ ಎದುರಾಗುತ್ತದೆಂಬುದು ತಿಳಿಯುತ್ತದೆ. ಮಗ ಗಡಿಯಾರ ನೋಡುತ್ತಾನೆ. ಇಪ್ಪತ್ತು ನಿಮಿಷವೆಂದು ಚೀಟಿಯಲ್ಲಿದೆ. ತಾಯಿ ಕೆಳಗಿನ ಮೆಟ್ಟಿಲಿನಲ್ಲಿ ಕಾಲನ್ನು ನೀರಿಗಿಳಿಬಿಟ್ಟು ಕುಳಿತಿದ್ದಾರೆ.

“ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಪ್ಪಾ. ನೀವು ಬೇಕಾದ್ರೆ ಗುಡಿಗೆ ಹೋಗಿ ಬನ್ನಿ.”

ಮಗ ಮಾತನಾಡುವುದಿಲ್ಲ. ಚಾಲಕನೇ ಮೆಲ್ಲನೆ ಬಳಿಗೆ ಬಂದು ಹೇಳುತ್ತಾನೆ: “ಅಮ್ಮಾವ್ರನ್ನ ಎಬ್ಬಿಸಬೇಡಿ ಸಾರ್. ಸೋಮನಾಥಪುರನ ಇನ್ನೊಂದು ಭಾನುವಾರ ನೋಡಬೌದು. ಏಳ್ನೂರು ವರ್ಷದಿಂದ ಕಾದಿರೋ ಗುಡಿ, ಇನ್ನೊಂದು ವಾರ ಕಾಯಕಿಲ್ವಾ?”

ಬಾಡಿಗೆಯ ಕಾರಿನಿಂದ ದೊರೆಯುವ ದೊಡ್ಡ ಅನುಕೂಲ ಇದೇ. ಬಸ್ಸು ಯಾರಿಗಾಗಿಯೂ ನಿಲ್ಲುವುದಿಲ್ಲ, ಕಾರು ನಿಲ್ಲುತ್ತದೆ. ಆದರೆ ನಿಲ್ಲುವ ಮನಸ್ಸು ಒಳಗೆ ಕುಳಿತವರಿಗೆ ಇರಬೇಕು.

ಮಕ್ಕಳನ್ನು ಕರೆತರುವವರಿಗೆ ಒಂದು ಎಚ್ಚರಿಕೆಯ ಮಾತು. ಸಂಗಮದ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿಗಳಿವೆ. ಮರಳು ತೆಗೆದ ಗುಂಡಿಗಳಿವೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ. ಇಲ್ಲಿಯೂ ತಲಕಾಡಿನಲ್ಲಿಯೂ ಈಜಲಿಳಿದು ಪ್ರಾಣ ಕಳೆದುಕೊಂಡವರು ಬಹಳ ಮಂದಿ. ಮೆಟ್ಟಿಲಿನಲ್ಲಿ ಕುಳಿತು ತಂಬಿಗೆಯಿಂದ ನೀರು ಸುರಿದುಕೊಂಡರೂ ಅದು ಸ್ನಾನವೇ, ಪುಣ್ಯದಲ್ಲೇನೂ ಕಡಿಮೆಯಾಗುವುದಿಲ್ಲ.

ಬಿಟ್ಟುಹೋದ ಗುಡಿ

ಅಂದು ಕೈಬಿಟ್ಟದ್ದು ಸಾಮಾನ್ಯವಾದುದಲ್ಲ. ಸೋಮನಾಥಪುರದ ಕೇಶವ ದೇವಾಲಯವನ್ನು ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನಾಥನು 1258ರ ಸುಮಾರಿಗೆ ಕಟ್ಟಿಸಿದನು. ಕೇಶವ, ಜನಾರ್ದನ, ವೇಣುಗೋಪಾಲರಿಗೆಂದು ಮೂರು ಗರ್ಭಗುಡಿ, ನಕ್ಷತ್ರಾಕಾರದ ಜಗತಿ, ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳು ಪಟ್ಟಿಪಟ್ಟಿಯಾಗಿ ಹಬ್ಬಿದ ಗೋಡೆ. ಹೆಸರಿಗೆ ಹಂಬಲಿಸದ ಶಿಲ್ಪಿಗಳ ನಾಡಿನಲ್ಲಿ ಮಲ್ಲಿತಮ್ಮನೆಂಬುವನು ತನ್ನ ಹೆಸರನ್ನು ಮೂರ್ತಿಗಳ ಪೀಠದಲ್ಲಿ ಕೊರೆದು ಉಳಿಸಿದ್ದಾನೆ. ಇಲ್ಲಿ ಪೂಜೆ ನಿಂತು ಬಹುಕಾಲವಾಯಿತು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಇದೂ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಎಲ್ಲವನ್ನೂ ಒಂದೇ ದಿನ ನೋಡಲೇಬೇಕೆನ್ನುವವರು ಇದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಜಾಣತನ. ಪೂಜೆ ನಡೆಯುವ ದೇವಾಲಯಗಳ ಬಾಗಿಲು ಆ ಹೊತ್ತಿಗೆ ಮುಚ್ಚುತ್ತದೆ. ಸಂರಕ್ಷಿತ ಸ್ಮಾರಕವಾದ ಇದು ತೆರೆದಿರುತ್ತದೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿಡುವುದು ಕಷ್ಟ. ಒಂದು ಜೊತೆ ಕಾಲುಚೀಲ ಬುಟ್ಟಿಯಲ್ಲಿರಲಿ. ಮೈಸೂರಿನಿಂದ ಸುಮಾರು 35 ಕಿಲೋಮೀಟರಿನ ಈ ಊರಿಗೆ ಪ್ರತ್ಯೇಕವಾಗಿ ಅರ್ಧ ದಿನದಲ್ಲಿ ಹೋಗಿಬರಬಹುದು. ಸೊಸೆ ಅದೇ ಮಾತಿಗೆ ಒಪ್ಪಿಕೊಂಡು, ಸಂಗಮದ ಮರದ ನೆರಳಿನಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿದಳೆಂದರೆ ಆ ಮನೆಯ ಪುಣ್ಯ.

ಮರಳೂ ಶಾಪವೂ

ತಲಕಾಡಿಗೆ ಬಿಸಿಲು ಇಳಿದ ಮೇಲೆ ಹೋಗುವುದೇ ಮೇಲು. ಮರಳು ತಂಪಾಗಿರುತ್ತದೆ, ಮಕ್ಕಳು ಹತ್ತಿ ಜಾರಿ ಕುಣಿಯುತ್ತಾರೆ. ಅವರ ಕಾಲಡಿಯಲ್ಲಿ ಗಂಗರ ರಾಜಧಾನಿ ಮಲಗಿದೆ. ಚೋಳರಿಂದ ಇದನ್ನು ಗೆದ್ದುಕೊಂಡ ಹೊಯ್ಸಳ ವಿಷ್ಣುವರ್ಧನನು 1117ರ ಸುಮಾರಿಗೆ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯ ಮರಳನ್ನು ತೋಡಿದ ತಗ್ಗಿನಲ್ಲಿ ನಿಂತಿದೆ. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ ಹಾಗೂ ಮುಡುಕುತೊರೆಯ ಮಲ್ಲಿಕಾರ್ಜುನ ಇವೇ ಇಲ್ಲಿಯ ಪಂಚಲಿಂಗಗಳು. ಅಪೂರ್ವ ಯೋಗ ಕೂಡಿದ ಕಾರ್ತಿಕ ಸೋಮವಾರದಂದು ನಡೆಯುವ ಪಂಚಲಿಂಗ ದರ್ಶನ 2013ರಲ್ಲಿಯೂ 2020ರಲ್ಲಿಯೂ ಜರುಗಿತು.

ಅಲಮೇಲಮ್ಮನ ಕಥೆ ಯಾರಿಗೆ ತಿಳಿಯದು? 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಬಳಿಕ, ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಆಕೆಯ ಒಡವೆಗಳಿಗಾಗಿ ಭಟರು ಬಂದರು. ಆಕೆ ತಲಕಾಡು ಮರಳಿನಲ್ಲಿ ಮುಚ್ಚಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಸಂತಾನವಿಲ್ಲದಿರಲಿ ಎಂದು ಶಪಿಸಿ ಹೊಳೆಗೆ ಹಾರಿದಳೆಂದು ಜನರ ಹೇಳಿಕೆ. ಅರಮನೆಯವರೂ ಆಕೆಯ ಮೂರ್ತಿಯನ್ನಿಟ್ಟು ಪೂಜಿಸುತ್ತ ಬಂದರು. ವಿದ್ವಾಂಸರು ಬೇರೆಯ ಕಾರಣ ಹೇಳುತ್ತಾರೆ: ಮೇಲುಗಡೆ ಮಾಧವಮಂತ್ರಿಯ ಅಣೆಕಟ್ಟು ಆದ ಮೇಲೆ ಹೊಳೆಯ ತಿರುವಿನಲ್ಲಿ ಮರಳು ಬಯಲಿಗೆ ಬಿದ್ದು, ಬೇಸಗೆಯ ಗಾಳಿ ಅದನ್ನು ಹೊತ್ತು ಊರಿನ ಮೇಲೆ ಸುರಿಯಿತು. ಕಾರಣ ಯಾವುದಾದರೂ ಆಗಲಿ, ಕೈಲಾಗದ ಹೆಂಗಸೊಬ್ಬಳ ಸಂಕಟವನ್ನು ನಾನೂರು ವರ್ಷಗಳಿಂದ ಈ ನಾಡು ಮರೆತಿಲ್ಲವೆಂಬುದು ಗಮನಿಸತಕ್ಕ ಮಾತು. ಮಕ್ಕಳ ಅಜ್ಜಿ ಕಥೆ ಹೇಳಿ ಮುಗಿಸುವಾಗ ಅವರ ಕುಣಿತ ತಾನಾಗಿ ನಿಲ್ಲುತ್ತದೆ.

ಮುಡುಕುತೊರೆಯ ಸಂಜೆ

ಹಿಂದಿರುಗುವ ದಾರಿಯಲ್ಲಿ ಮುಡುಕುತೊರೆ. ಹೊಳೆ ಮುರಿದು ತಿರುಗುವೆಡೆಯ ಗುಡ್ಡದ ಮೇಲೆ ಭ್ರಮರಾಂಬಾ ಸಮೇತನಾದ ಮಲ್ಲಿಕಾರ್ಜುನ. ವರ್ಷದ ಜಾತ್ರೆಗೆ ಸುತ್ತಣ ರೈತರು ತಮ್ಮ ಎತ್ತುಗಳನ್ನು ಸಿಂಗರಿಸಿ ತಂದು ಕಟ್ಟುತ್ತಾರೆ. ಮಿಕ್ಕ ದಿನಗಳ ಸಂಜೆ ಇಲ್ಲಿ ಮಾತು ಕಡಿಮೆ, ಗಾಳಿ ಹೆಚ್ಚು. ಕೆಳಗೆ ಕಾವೇರಿಯ ಬಾಗು, ಅದರ ಒಂದು ಪಕ್ಕದಲ್ಲಿ ಗದ್ದೆಯ ಹಸಿರು, ದೂರದಲ್ಲಿ ಮರಳಿನ ಬಿಳುಪು. ಎಜ್ ಗ್ರಾಮದ ಎತ್ತರದಿಂದ ಕಡಲು ನೋಡಿದವರಿಗೂ ಈ ನೋಟ ಸಪ್ಪೆಯೆನಿಸಲಾರದು.

ಗುಡ್ಡದ ಬುಡದಲ್ಲಿ, ಕಾರಿನ ಬಾಗಿಲು ತೆರೆದಿಟ್ಟುಕೊಂಡು ತಾಯಿ ಕುಳಿತಿದ್ದಾರೆ. ಮೇಲೇರುವ ಶಕ್ತಿ ಅವರಿಗಿಲ್ಲ. ಚಾಲಕ ಚಹಾ ತಂದುಕೊಟ್ಟಿದ್ದಾನೆ. ಮೊಮ್ಮಗ ಓಡಿಬಂದು, ಮೇಲಿನಿಂದ ಹೊಳೆ ಹೇಗೆ ಕಾಣುತ್ತದೆಂದು ಕೈಯನ್ನು ಬಾಗಿಸಿ ತೋರಿಸುತ್ತಾನೆ. ಮಗನು ಜೇಬಿನ ಚೀಟಿಯನ್ನು ತೆಗೆದು ನೋಡಿ, ಸೋಮನಾಥಪುರದ ಮುಂದೆ ‘ಮುಂದಿನ ಭಾನುವಾರ’ ಎಂದು ಬರೆದು ಮತ್ತೆ ಮಡಿಚಿಡುತ್ತಾನೆ. ಮೈಸೂರಿಗೆ ಇನ್ನು ಒಂದೂವರೆ ಗಂಟೆಯ ದಾರಿ.