ಗಲ್ಲಿಯೊಳಗೆ ಅಗ್ನಿಶಾಮಕ ವಾಹನ ಬರುವುದೇ?

ಎರಡು ವರ್ಷಗಳ ಹಿಂದಿನ ಮಾತು. ಮಗ್ರಿಬ್ ನಮಾಝ್ ಮುಗಿಸಿ ದವಾಖಾನೆಯ ಬಾಗಿಲು ತೆರೆಯುತ್ತಿದ್ದೆ. ನಮ್ಮದೇ ಮೊಹಲ್ಲಾದ ಹೆಣ್ಣುಮಗಳೊಬ್ಬರನ್ನು ಆಟೋದಲ್ಲಿ ಕರೆತಂದರು. ಬಲಗೈ ಮೊಣಕೈವರೆಗೆ ಸುಟ್ಟಿತ್ತು, ಕುತ್ತಿಗೆಯ ಒಂದು ಬದಿಯೂ ಸುಟ್ಟಿತ್ತು. ಆದರೆ ಗಾಯ ಎಷ್ಟು ಆಳ ಎಂದು ನೋಡಲು ನನಗೆ ಸಾಧ್ಯವೇ ಆಗಲಿಲ್ಲ. ಮೇಲೆ ಟೂತ್‌ಪೇಸ್ಟ್, ಅದರ ಮೇಲೆ ಅರಿಶಿನ, ಯಾರೋ ಒಡೆದು ಸುರಿದ ಮೊಟ್ಟೆಯ ಬಿಳಿಭಾಗ. ಪ್ರೀತಿಯಿಂದಲೇ ಹಚ್ಚಿದ್ದರು. ಅದನ್ನೆಲ್ಲ ತೊಳೆಯುವಾಗ ಆಕೆ ಕೂಗಿಕೊಂಡದ್ದು ಇನ್ನೂ ನನ್ನ ಕಿವಿಯಲ್ಲಿದೆ. 108ಕ್ಕೆ ಫೋನ್ ಮಾಡಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಅಲ್ಲಾಹನ ಕೃಪೆಯಿಂದ ಬದುಕಿಕೊಂಡರು. ಆದರೆ ಬಲಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ರೊಟ್ಟಿ ಬಡಿಯುವ ಕೈ ಅದು.

ಕಾರಣ ಏನೆಂದು ವಿಚಾರಿಸಿದೆ. ಗ್ಯಾಸ್ ಒಲೆಯ ರಬ್ಬರ್ ಪೈಪ್. ಮದುವೆಯಾಗಿ ಬಂದಾಗಿನಿಂದ ಬದಲಾಯಿಸಿಯೇ ಇರಲಿಲ್ಲ. ಆ ಪೈಪಿನ ಮೇಲೆ ಅವಧಿ ಮುದ್ರಿಸಿರುತ್ತದೆ ಎಂಬುದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳುತ್ತೇನೆ, ಆ ರಾತ್ರಿ ಮನೆಗೆ ಹೋಗಿ ನನ್ನ ಅಡುಗೆಮನೆಯ ಪೈಪ್ ನೋಡಿದೆ. ಅದರ ಅವಧಿಯೂ ಮುಗಿದು ಹನ್ನೊಂದು ತಿಂಗಳಾಗಿತ್ತು.

ಇನ್ನೊಂದು ವಿಷಯ ಮರುದಿನ ತಿಳಿಯಿತು. ಅಗ್ನಿಶಾಮಕ ವಾಹನ ಸಮಯಕ್ಕೆ ಸರಿಯಾಗಿ ಬಂದಿತ್ತು. ಆದರೆ ಮುಖ್ಯ ರಸ್ತೆಯಲ್ಲೇ ನಿಂತಿತು. ಗಲ್ಲಿಯ ಬಾಯಲ್ಲಿ ಎರಡೂ ಬದಿ ಬೈಕುಗಳು, ಅಂಗಡಿಯ ತಗಡಿನ ಚಾವಣಿ, ಅದರಾಚೆ ರಸ್ತೆಗೆ ಬಾಗಿದ ವಿದ್ಯುತ್ ಕಂಬ. ಸಿಬ್ಬಂದಿ ಪೈಪ್ ಹೊತ್ತು ಓಡಿ ಬರುವಷ್ಟರಲ್ಲಿ ನೆರೆಯವರೇ ಬೆಂಕಿ ಆರಿಸಿದ್ದರು. ಆ ದಿನ ಒಂದೇ ಸಿಲಿಂಡರ್ ಇತ್ತು, ಬಚಾವಾದೆವು.

ಮುಂದಿನ ವಾರ ಮಸೀದಿ ಕಮಿಟಿಯ ಸಭೆಯಲ್ಲಿ ಈ ಮಾತು ತೆಗೆದೆ. ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಮೊಹಲ್ಲಾದಲ್ಲಿ ಒಂದು ಪ್ರಾತ್ಯಕ್ಷಿಕೆ ಮಾಡಿಸೋಣ ಎಂದೆ. ಹಿರಿಯರೊಬ್ಬರು, ಒಳ್ಳೆಯ ಮನುಷ್ಯರೇ, "ಡಾಕ್ಟರ್ ಸಾಹೇಬ್, ಇದು ಮಸೀದಿಯ ಕೆಲಸವೇ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ನಮ್ಮ ಇಮಾಮರು ನನಗಿಂತ ಚೆನ್ನಾಗಿ ಉತ್ತರ ಕೊಟ್ಟರು. ಹಿಂದಿನ ಕಾಲದ ಮುಸ್ಲಿಂ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದರು. ಅವರು ತೂಕ ಅಳತೆ ನೋಡುವವರು ಎಂದಷ್ಟೇ ನಮಗೆ ಗೊತ್ತು. ಆದರೆ 14ನೇ ಶತಮಾನದ ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮಾ'ದಲ್ಲಿ ಮುಹ್ತಸಿಬರ ಕರ್ತವ್ಯಗಳನ್ನು ಹೇಳುವಾಗ ದಾರಿಗೆ ಅಡ್ಡಿಯಾಗದಂತೆ ನೋಡುವುದು, ಬೀಳುವಂತಿರುವ ಕಟ್ಟಡವನ್ನು ಮಾಲಕರಿಂದಲೇ ಕೆಡವಿಸುವುದು, ಹಮಾಲರ ಮತ್ತು ದೋಣಿಗಳ ಮೇಲೆ ಅತಿಭಾರ ಹೇರದಂತೆ ತಡೆಯುವುದು, ಇವನ್ನೂ ಸೇರಿಸುತ್ತಾರೆ. ದಾರಿಯ ಮೇಲಿನ ತೊಡಕನ್ನು ಸರಿಸುವುದು ಸದಖಾ ಎಂದು ನಮ್ಮ ಮಕ್ಕಳಿಗೆ ಮದ್ರಸಾದಲ್ಲೇ ಕಲಿಸುತ್ತೇವೆ. ಹಾಗಾದರೆ ಗಲ್ಲಿಯ ಬಾಯಲ್ಲಿ ನಿಲ್ಲಿಸಿದ ಬೈಕು ಯಾವ ಲೆಕ್ಕಕ್ಕೆ ಎಂದು ಇಮಾಮರು ಕೇಳಿದಾಗ ಸಭೆಯಲ್ಲಿ ಇಬ್ಬರು ತಮ್ಮ ಬೈಕಿನ ಕೀಲಿಕೈ ಮುಟ್ಟಿ ನೋಡಿಕೊಂಡರು.

ಠಾಣೆಗೆ ಹೋಗುವಾಗ ನಮಗೆ ಸ್ವಲ್ಪ ಅಳುಕಿತ್ತು. ಸರಕಾರಿ ಕಚೇರಿ, ಇವತ್ತು ಬನ್ನಿ ನಾಳೆ ಬನ್ನಿ ಎನ್ನುತ್ತಾರೆ ಎಂದುಕೊಂಡಿದ್ದೆವು. ಹಾಗಾಗಲಿಲ್ಲ. ಕಮಿಟಿಯ ಲೆಟರ್‌ಹೆಡ್‌ನಲ್ಲಿ ಒಂದು ಅರ್ಜಿ, ಸ್ಥಳ, ಅಂದಾಜು ಜನಸಂಖ್ಯೆ, ಇಷ್ಟೇ ಕೇಳಿದರು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ಹಡಗು ಸಿಡಿದು ಬೆಂಕಿ ನಂದಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ ಸಾವಿಗೀಡಾದರು. ಅವರ ನೆನಪಿನ ವಾರ ಅದು. ಆ ವಾರದಲ್ಲಿ ಶಾಲೆ, ಆಸ್ಪತ್ರೆ, ಕಾರ್ಖಾನೆ ಎಂದು ಅವರೇ ಪ್ರಾತ್ಯಕ್ಷಿಕೆಗೆ ಸ್ಥಳ ಹುಡುಕುತ್ತಿರುತ್ತಾರೆ. ನಾವು ಮಾತ್ರ ಕೇಳಿರಲಿಲ್ಲ.

ಮೊದಲ ಕಾರ್ಯಕ್ರಮವನ್ನು ಜುಮಾ ನಮಾಝ್ ನಂತರ ಮಸೀದಿಯ ಅಂಗಳದಲ್ಲಿ ಇಟ್ಟೆವು. ಇನ್ನೂರು ಗಂಡಸರು ಸುತ್ತ ನಿಂತು ನೋಡಿದರು, ಅರ್ಧದಷ್ಟು ಮಂದಿ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಅಡುಗೆ ಮಾಡುವವರು ಮಾತ್ರ ಒಬ್ಬರೂ ಅಲ್ಲಿರಲಿಲ್ಲ. ಕಾರ್ಯಕ್ರಮ ಮುಗಿದು ಮನೆಗೆ ಹೋದಾಗ ನನ್ನ ಪತ್ನಿ ಕೇಳಿದ್ದು ಒಂದೇ ಪ್ರಶ್ನೆ: "ನೀವು ಇವತ್ತು ಒಲೆ ಹಚ್ಚುತ್ತೀರಾ?"

ಎರಡನೆಯ ಸಲ ಬುದ್ಧಿ ಬಂದಿತ್ತು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ತಿಂಡಿಯ ಕೆಲಸ ಮುಗಿದು ಊಟದ ಕೆಲಸ ಶುರುವಾಗುವ ಮೊದಲು, ಉರ್ದು ಶಾಲೆಯ ಮೈದಾನದಲ್ಲಿ. ಆಹ್ವಾನ ಧ್ವನಿವರ್ಧಕದಲ್ಲಿ ಹೋಗಲಿಲ್ಲ. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆ ಮನೆಮನೆಗೆ ಹೋಗಿ ಹೇಳಿದರು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ವೃದ್ಧರು ಒಬ್ಬರೇ ಇರುತ್ತಾರೆ ಎಂಬುದು ಕಮಿಟಿಗಿಂತ ಅವರಿಬ್ಬರಿಗೇ ಚೆನ್ನಾಗಿ ಗೊತ್ತು. ಪಕ್ಕದ ಓಣಿಯ ಹಿಂದೂ ಸ್ವಸಹಾಯ ಸಂಘದ ಮಹಿಳೆಯರೂ ಬಂದರು. ಬೆಂಕಿಗೆ ಓಣಿಯ ಗಡಿ ಗೊತ್ತಿಲ್ಲವಷ್ಟೇ.

ಅಗ್ನಿಶಾಮಕ ಸಿಬ್ಬಂದಿ ತೋರಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಅಂದು ಬರಲಾಗದವರಿಗಾಗಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದಾಗ ಮೇಲೇರದೆ ನೆಲದ ಮೇಲೆ ಹರಡುತ್ತದೆ. ಅದಕ್ಕೆ ಸ್ವಂತ ವಾಸನೆಯೇ ಇಲ್ಲ. ನಮಗೆ ಬರುವ ಕೊಳೆತ ವಾಸನೆ ಎಚ್ಚರಿಕೆಗೆಂದೇ ಬೆರೆಸಿದ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ವಾಸನೆ ಬಂದರೆ ಲೈಟ್ ಹಾಕಬಾರದು, ಹಾಕಿದ್ದರೆ ಆರಿಸಲೂಬಾರದು, ಏಕೆಂದರೆ ಸ್ವಿಚ್ಚಿನೊಳಗಿನ ಕಿಡಿ ಸಾಕು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಅದು ಗ್ಯಾಸ್ ಸೋರಿಕೆಗೆಂದೇ ಇರುವ ಸಂಖ್ಯೆ. ಬೆಂಕಿಗೆ 101 ಅಥವಾ 112.

ಉರಿಯುವ ಸಿಲಿಂಡರಿನ ಬಾಯಿಗೆ ಒದ್ದೆ ಹತ್ತಿ ಬಟ್ಟೆ ಮುಚ್ಚಿ ಆರಿಸುವುದನ್ನು ತೋರಿಸಿದಾಗ ಹೆಂಗಸರು ಮೊದಲು ಹಿಂದೆ ಸರಿದರು. ಆಮೇಲೆ ಅರುವತ್ತು ದಾಟಿದ ಒಬ್ಬ ಖಾಲಾ ಮುಂದೆ ಬಂದು, ಸೆರಗು ಸಿಕ್ಕಿಸಿ, ಒಂದೇ ಏಟಿಗೆ ಆರಿಸಿದರು. ಮೈದಾನವೆಲ್ಲ ಚಪ್ಪಾಳೆ. ಅಧಿಕಾರಿ ಕೂಡಲೇ ಎಚ್ಚರಿಸಿದರು: ಜ್ವಾಲೆ ಆರಿದೊಡನೆ ವಾಲ್ವ್ ಮುಚ್ಚದಿದ್ದರೆ ಅನಿಲ ಹರಡಿ ಎರಡನೆಯ ಬೆಂಕಿ ಮೊದಲಿನದಕ್ಕಿಂತ ದೊಡ್ಡದಾಗುತ್ತದೆ. ಸಿಲಿಂಡರ್ ಬಹಳ ಹೊತ್ತಿನಿಂದ ಬೆಂಕಿಯಲ್ಲಿ ಕಾದಿದ್ದರೆ ಯಾವ ಧೈರ್ಯವೂ ಬೇಡ, ಮನೆಯವರನ್ನು ಹೊರಗೆ ಕರೆದುಕೊಂಡು ಓಡಿ.

ನನ್ನ ಸರದಿ ಬಂದಾಗ ಸುಟ್ಟಗಾಯದ ಬಗ್ಗೆ ಹೇಳಿದೆ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಐಸ್ ಬೇಡ. ಬಳೆ, ಉಂಗುರ ಊದುವ ಮೊದಲೇ ತೆಗೆಯಿರಿ. ಅಂಟಿಕೊಂಡ ಬಟ್ಟೆ ಎಳೆಯಬೇಡಿ. ಸ್ವಚ್ಛ ಬಟ್ಟೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ. ಒಬ್ಬರು ಕೇಳಿದರು, "ನಿಮ್ಮ ಯುನಾನಿಯಲ್ಲಿ ಮರ್ಹಮೆ ಕಾಫೂರ್ ಇದೆಯಲ್ಲ?" ಇದೆ. ಆದರೆ ಅದು ಮೊದಲ ಗಂಟೆಯ ಔಷಧಿಯಲ್ಲ. ಹಸಿ ಗಾಯದ ಮೇಲೆ ನನ್ನ ಮುಲಾಮೂ ಬೇಡ, ನಿಮ್ಮ ಟೂತ್‌ಪೇಸ್ಟೂ ಬೇಡ. ಮೊದಲ ಔಷಧಿ ನಲ್ಲಿಯ ನೀರು. ನಲ್ಲಿಯಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ ಎಂದು ಹಿಂದಿನಿಂದ ಒಂದು ಧ್ವನಿ ಬಂತು. ನ್ಯಾಯವಾದ ಮಾತು. ಹಾಗಾದರೆ ಡ್ರಮ್ಮಿನಿಂದ ಚೊಂಬಿನಲ್ಲಿ ಸುರಿಯುತ್ತಲೇ ಇರಿ ಎಂದೆ.

ಗ್ಯಾಸ್ ಗೀಸರಿನ ಮಾತನ್ನೂ ಅಲ್ಲೇ ಸೇರಿಸಿದೆ. ಯುನಾನಿ ವೈದ್ಯಪದ್ಧತಿಯಲ್ಲಿ ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳನ್ನು, ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ, ಎಣಿಸುವಾಗ ಮೊದಲ ಸ್ಥಾನ ಗಾಳಿಗೆ, ಆಮೇಲೆ ಅನ್ನ ನೀರಿಗೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ನಂತರ ಕಾಲು ಸೋತು ಕುಸಿದುಬೀಳುತ್ತಾರೆ. ಸ್ನಾನಕ್ಕೆ ಹೋದ ಮಗಳು ಹೊರಗೆ ಬರಲಿಲ್ಲ ಎಂಬ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದು ಹೃದಯಾಘಾತವೂ ಅಲ್ಲ, ದೃಷ್ಟಿಯೂ ಅಲ್ಲ. ಗೀಸರ್ ಬಚ್ಚಲಿನ ಹೊರಗಿರಲಿ. ಸಾಧ್ಯವೇ ಇಲ್ಲದಿದ್ದರೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿ ಹೋದ ಮೇಲೆ ಒಳಗೆ ಹೋಗಿ.

ಕಾರ್ಯಕ್ರಮ ಮುಗಿದ ಮೇಲೆ ಅಧಿಕಾರಿ ನಮ್ಮೊಂದಿಗೆ ಗಲ್ಲಿಗಳಲ್ಲಿ ನಡೆದರು. ಪ್ರಾತ್ಯಕ್ಷಿಕೆಗಿಂತ ಈ ಮುಕ್ಕಾಲು ಗಂಟೆಯ ನಡಿಗೆಯೇ ನಮಗೆ ಹೆಚ್ಚು ಕಲಿಸಿತು ಎಂದು ನನಗನಿಸುತ್ತದೆ. ವಾಹನ ಎಲ್ಲಿಯವರೆಗೆ ಬರಬಲ್ಲದು, ಎಲ್ಲಿ ತಿರುಗಬಲ್ಲದು, ಯಾವ ಮನೆಯ ಬಾವಿ ಇನ್ನೂ ಬತ್ತಿಲ್ಲ ಎಂದು ಅವರು ಬರೆದುಕೊಂಡರು. ಕಬಾಬ್ ಅಂಗಡಿಯ ಹಿಂದೆ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಅನಿಲ ತುಂಬಿಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಅಂಗಡಿಯವನು ನಮ್ಮ ಜಮಾಅತಿನವನೇ, ಕಮಿಟಿಯವರು ನೆಲ ನೋಡಿದರು. ಅದು ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತಿತ್ತು. ಮನೆಯ ನೋಂದಾಯಿತ ಗ್ಯಾಸ್ ಸಂಪರ್ಕಕ್ಕೆ ತೈಲ ಕಂಪನಿಗಳ ಅಪಘಾತ ವಿಮೆ ಇರುತ್ತದೆ, ಹೀಗೆ ಕಳ್ಳತನದಲ್ಲಿ ತುಂಬಿಸಿದ್ದು ಸಿಡಿದರೆ ಒಂದು ಪೈಸೆಯೂ ಬಾರದು ಎಂಬುದು ಮಾತ್ರ ಗೊತ್ತಿರಲಿಲ್ಲ. ಅವನು ಈಗ ವಾಣಿಜ್ಯ ಸಂಪರ್ಕ ತೆಗೆದುಕೊಂಡಿದ್ದಾನೆ. ಕಬಾಬಿನ ಬೆಲೆಯೂ ಏರಿದೆ, ಅದಕ್ಕೆ ನನ್ನನ್ನೇ ಬೈಯುತ್ತಾರೆ.

ಒಂದು ಬಾಗಿಲು ತೆರೆದರೆ ಇನ್ನೊಂದು ತೆರೆಯುತ್ತದೆ. ಶಬೆ ಬರಾಅತ್‌ಗೆ ಮೊದಲು ಪೊಲೀಸ್ ಠಾಣೆಯಲ್ಲಿ ಮಸೀದಿ ಕಮಿಟಿಗಳ ಸಭೆ ಎಂದಿನಿಂದಲೋ ನಡೆಯುತ್ತದೆ. ಹೋಗುತ್ತಿದ್ದೆವು, ಚಹಾ ಕುಡಿದು, ತಲೆಯಾಡಿಸಿ ಬರುತ್ತಿದ್ದೆವು. ಆ ರಾತ್ರಿ ಕೆಲವು ಹುಡುಗರು ಇಬಾದತ್ತಿನ ಹೆಸರಿನಲ್ಲಿ ಮನೆಬಿಟ್ಟು ರಸ್ತೆಯಲ್ಲಿ ವ್ಹೀಲಿಂಗ್ ಮಾಡುತ್ತಾರೆ. ಮರುದಿನ ಅವರ ತಾಯಂದಿರು ನನ್ನ ಮುಂದೆ ಎಕ್ಸ್‌ರೇ ಹಿಡಿದು ಕೂರುತ್ತಾರೆ. ಈ ವರ್ಷ ಸಭೆಯಿಂದ ಬಂದವರು ಹುಡುಗರಿಗೆ ಉಪದೇಶ ಮಾಡಲಿಲ್ಲ, ತಂದೆಯರನ್ನು ಕೂರಿಸಿಕೊಂಡರು. ಠಾಣೆಯ ಸಬ್ ಇನ್‌ಸ್ಪೆಕ್ಟರ್ ಬಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯನ್ನು ಹೇಳಿದರು. ಅಪ್ರಾಪ್ತ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಶಿಕ್ಷೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೊನೆಯ ಮಾತು ಕೇಳಿದಾಗ ಸಭೆ ಸ್ತಬ್ಧವಾಯಿತು. ಡೆಲಿವರಿ ಕೆಲಸವನ್ನೇ ನಂಬಿರುವ ಮನೆಗಳವು. ಅಂದು ರಾತ್ರಿ ಇಶಾ ನಂತರ ಹಲವು ಬೈಕುಗಳ ಕೀಲಿ ತಂದೆಯರ ಜೇಬಿನಲ್ಲೇ ಉಳಿಯಿತು. ಎಲ್ಲರದೂ ಅಲ್ಲ. ಒಬ್ಬ ಹುಡುಗ ಬಿದ್ದ, ಕಾಲರ್ ಮೂಳೆ ಮುರಿಯಿತು.

ಅವನನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದವರು ಹೆಸರು ಹೇಳದೆ ಹೊರಟುಹೋದರಂತೆ, ಪೊಲೀಸ್ ಕೇಸಿನ ಭಯ. ಅದೇ ತಿದ್ದುಪಡಿಯಲ್ಲಿ ಅದಕ್ಕೂ ರಕ್ಷಣೆ ಇದೆ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಇಲ್ಲ, ಹೆಸರು ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಇದನ್ನು ನಾನು ದವಾಖಾನೆಯ ಗೋಡೆಗೆ ಕನ್ನಡ ಮತ್ತು ಉರ್ದುವಿನಲ್ಲಿ ಬರೆಸಿದ್ದೇನೆ.

ಗಲ್ಲಿಯ ಬಾಯಿಯ ಬೈಕುಗಳಿಗೆ ಈಗ ಶಾದಿ ಮಹಲಿನ ಹಿಂದೆ ಜಾಗ ಮಾಡಿದೆ. ಅಂಗಡಿಯವರು ತಗಡಿನ ಚಾವಣಿಯನ್ನು ಮಡಚುವಂತೆ ಮಾಡಿಸಿಕೊಂಡರು. ಪೈಪ್ ಬದಲಾಯಿಸಿದ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆ ತಮ್ಮ ಡೈರಿಯ ಕೊನೆಯ ಪುಟದಲ್ಲಿ ಇಟ್ಟುಕೊಂಡಿದ್ದಾರೆ, ಇನ್ನು ಹದಿನೇಳು ಮನೆ ಬಾಕಿ. ಬಾಗಿದ ವಿದ್ಯುತ್ ಕಂಬ ಮಾತ್ರ ಇದ್ದಲ್ಲೇ ಇದೆ. ಮೂರು ಅರ್ಜಿ ಕೊಟ್ಟಾಗಿದೆ, ಮೂರಕ್ಕೂ ಸ್ವೀಕೃತಿ ಮುದ್ರೆ ಬಿದ್ದಿದೆ. ನಾಲ್ಕನೆಯದಕ್ಕೆ ಈ ಸಲ ಪಕ್ಕದ ಓಣಿಯ ಸ್ವಸಹಾಯ ಸಂಘದವರೂ ಸಹಿ ಹಾಕುತ್ತಿದ್ದಾರೆ. ಸೋಮವಾರ ಎಲ್ಲರೂ ಸೇರಿ ಕಚೇರಿಗೆ ಹೋಗುವುದೆಂದು ನಿಶ್ಚಯವಾಗಿದೆ.