ಬಿಲ್ಲು ಕಟ್ಟುವ ಕಸಬಿನಲ್ಲಿ ಹಣ ಹೂಡಬಹುದೇ?

ಹತ್ತಿ ಆದವಾನಿ ಮಾರುಕಟ್ಟೆಗೆ ಹೋಗಿ, ಸಾಲ ತೀರಿ ಉಳಿದ ನಾಲ್ಕು ಕಾಸನ್ನು ಎಲ್ಲಿ ತೊಡಗಿಸಬೇಕೆಂಬುದು ರೈತನ ಹಳೆಯ ಚಿಂತೆ. "ಈಗ ಎಲ್ಲರೂ ಫೋನಿನಲ್ಲೇ ಬಿಲ್ಲು ಕಟ್ಟುತ್ತಾರಲ್ಲ ಮೇಷ್ಟ್ರೇ, ಆ ಕಸಬಿಗೆ ಹಣ ಹಾಕಿದರೆ ಹೇಗೆ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಆದುದರಿಂದ ನಾವು ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ಅನುಕೂಲವೇನೋ ದೊಡ್ಡದು

1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದುವು. ನೆಂಟಸ್ತನ ಮಾತ್ರ ಗಡಿಯಾಚೆಗೂ ಉಳಿಯಿತು. ಭಾರತ್ ಬಿಲ್ ಪೇಮೆಂಟ್ ಎಂಬ ದೇಶವ್ಯಾಪಿ ಜಾಲಕ್ಕೆ ರಾಜ್ಯದ ಗಡಿಯಿಲ್ಲ. ಕೋಸಿಗಿಯಲ್ಲಿ ಕುಳಿತು ಸಿರುಗುಪ್ಪದ ಮಗಳ ಮನೆಯ ಕರೆಂಟು ಬಿಲ್ಲನ್ನು ಕಟ್ಟಬಹುದು. 2016ರಲ್ಲಿ ಆರಂಭವಾದ ಯುಪಿಐ ಮೂಲಕ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಮೀರಿ ಪಾವತಿಗಳು ನಡೆದುವು.

ಷೇರಿನ ಮಾತು

ಆದರೆ ಸಂತೆಯಲ್ಲಿ ಜನ ಹೆಚ್ಚಿದ ಮಾತ್ರಕ್ಕೆ ಅಂಗಡಿಯವನಿಗೆ ಲಾಭ ಹೆಚ್ಚೀತೆಂದು ಹೇಳಲಾಗದು. ಯುಪಿಐ ಪಾವತಿಗೆ ವರ್ತಕರಿಂದ ಶುಲ್ಕ ತೆಗೆದುಕೊಳ್ಳಕೂಡದೆಂದು 2020ರ ಜನವರಿಯಿಂದ ಸರಕಾರ ನಿಯಮ ಮಾಡಿತು. ಈ ಜಾಲಗಳ ಹಿಂದಿರುವ ರಾಷ್ಟ್ರೀಯ ಪಾವತಿ ನಿಗಮವು ಬ್ಯಾಂಕು ಮೊದಲಾದ ಸಂಸ್ಥೆಗಳ ಒಡೆತನದ್ದು. ಅದರ ಷೇರು ಪೇಟೆಯಲ್ಲಿ ದೊರೆಯದು. ದೊರೆಯುವ ಪೇಟಿಎಂ ಷೇರು 2021ರ ನವೆಂಬರಿನಲ್ಲಿ 2,150 ರೂಪಾಯಿಗೆ ಮಾರಾಟವಾಗಿ, ಪೇಟೆಗೆ ಬಂದ ಮೊದಲ ದಿನವೇ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಬಿತ್ತನೆಗೆ ಬೇಕಾದ ಹಣವನ್ನು ಇಂಥಲ್ಲಿ ಇಡತಕ್ಕದ್ದಲ್ಲ.

ಊರಲ್ಲೇ ಕೇಂದ್ರ ತೆರೆದರೆ?

ಇದರ ಲೆಕ್ಕವನ್ನು ನಾವು ಕೈಸುಟ್ಟುಕೊಂಡು ಕಲಿತೆವು. ಅಣ್ಣನ ಮಗ ಕೇಂದ್ರ ತೆರೆದಾಗ ಇಪ್ಪತ್ತು ಸಾವಿರ ರೂಪಾಯಿ ಕೊಟ್ಟೆವು. ಕೇಂದ್ರದವನು ಮೊದಲೇ ಹಣ ತುಂಬಿಟ್ಟಿರಬೇಕು. ಐನೂರರ ನಲವತ್ತು ಬಿಲ್ಲು ಕಟ್ಟಿದರೆ ಅದು ಮುಗಿಯಿತು. ಬಂದ ನಗದನ್ನು ಬ್ಯಾಂಕಿಗೆ ಒಯ್ದು ಮತ್ತೆ ತುಂಬಬೇಕು. ಬಸ್ಸಿನ ಖರ್ಚು, ಒಂದು ದಿನದ ಕೆಲಸ ಎರಡೂ ಹೋದುವು. ಬಿಲ್ಲಿಗೆ ಮೂರು ರೂಪಾಯಿ ಸಿಕ್ಕಿತೆನ್ನಿ, ನಲವತ್ತಕ್ಕೆ ನೂರಿಪ್ಪತ್ತು. "ಹತ್ತಿ ಬಂದ ಮೇಲೆ ಕೊಡುತ್ತೇನೆ, ಈಗ ಕಟ್ಟಪ್ಪಾ" ಎಂದವನ ಐನೂರು ಮುಳುಗಿದರೆ, ನೂರರವತ್ತೇಳು ಬಿಲ್ಲುಗಳ ಗಳಿಕೆ ಅದರೊಡನೆ ಮುಳುಗಿದಂತೆ!

ಒಮ್ಮೆ ಹುಡುಗ ಸರ್ವಿಸ್ ನಂಬರಿನ ಒಂದು ಅಂಕಿಯನ್ನು ತಪ್ಪಿ ಒತ್ತಿದ. ಹಣ ಬೇರೆಯವರ ಮನೆಯ ಬಿಲ್ಲಿಗೆ ಸಂದಿತು. ಕೊಟ್ಟ ಮುದುಕಿಯ ಮನೆಯಲ್ಲಿ ದೀಪ ಆರಿತು. ತೆರೆಯ ಮೇಲೆ ಬಂದ ಹೆಸರನ್ನು ಅವನು ಓದಿರಲಿಲ್ಲ. ನಷ್ಟವನ್ನು ನಾವು ತುಂಬಿದೆವು. ಆದರೆ ಆಕೆಯ ಮುಖ ಇಂದಿಗೂ ಮರೆತಿಲ್ಲ.

ನಮ್ಮ ಸಲಹೆ

ಹೊಲದ ಪಂಪಿಗೆ ನಮ್ಮಲ್ಲಿ ಬಹುಮಟ್ಟಿಗೆ ಉಚಿತ ವಿದ್ಯುತ್ತಾದುದರಿಂದ ಹಳ್ಳಿಯಲ್ಲಿ ಬರುವುದು ಮನೆಬಿಲ್ಲುಗಳೇ. ಅದನ್ನೇ ನಂಬಿ ಬಾಡಿಗೆಯ ಮಳಿಗೆ ಹಿಡಿಯಬಾರದು. ಕಿರಾಣಿ ಅಂಗಡಿ ಇದ್ದವರು, ಓದಿದ ಮಗಳೋ ಸೊಸೆಯೋ ಮನೆಯಲ್ಲಿದ್ದವರು ಉಪಕಸಬಾಗಿ ನಡೆಸಬಹುದು. ಮೂರು ನಿಯಮಗಳಿರಲಿ: ಉದ್ರಿ ಬೇಡ, ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಒತ್ತಬೇಕು, ರಸೀತಿ ಕೊಡದೆ ಕಳುಹಿಸಬಾರದು. ನಮ್ಮ ಹುಡುಗ ಈಗ ಹಾಗೆಯೇ ನಡೆಸುತ್ತಿದ್ದಾನೆ. ಲಾಭ ಉಪ್ಪು ಮೆಣಸಿನಕಾಯಿಗೆ ಸಾಕಾಗುತ್ತದೆ. ಹೊಲದ ಬದುವಿಗೆ, ಬೀಜಕ್ಕೆ ಹಾಕುವ ಹಣ ಹೊಲಕ್ಕೇ ಇರಲಿ.